ಕೋಳಿ ಮಂಕಾಗಿದೆಯಾ? ಏನಾದರೂ ತಿನ್ನಿಸುವ ಮುಂಚೆ ಚೀಲ ಮುಟ್ಟಿ ನೋಡಿ

ಕೋಳಿ ಮೂಲೆ ಹಿಡಿದು ಕೂತಿದೆ. ಗರಿ ಉಬ್ಬಿಸಿಕೊಂಡಿದೆ, ಕಣ್ಣು ಅರ್ಧ ಮುಚ್ಚಿದೆ, ಮುಂದೆ ಜೋಳ ಚೆಲ್ಲಿದರೂ ತಲೆ ಎತ್ತುತ್ತಿಲ್ಲ. ಇಂಥ ಹೊತ್ತಲ್ಲಿ ನಮ್ಮ ಬಾಗಲಕೋಟೆ ಕಡೆ ಎಲ್ಲರ ಬಾಯಲ್ಲೂ ಬರೋ ಮಾತು ಒಂದೇ: "ಇದಕ್ಕ ಏನ್ ಕೊಡೂಣು?" ಒಬ್ಬರು ಬೆಳ್ಳುಳ್ಳಿ ಅಂತಾರೆ, ಒಬ್ಬರು ಮಜ್ಜಿಗೆ ಅಂತಾರೆ, ಪಕ್ಕದ ಮನೆ ಕಾಕು ಬೆಲ್ಲದ ನೀರು ತಂದೇ ಬಿಟ್ಟಿರುತ್ತಾರೆ. ಪ್ರೀತಿಯಿಂದಲೇ ತರುತ್ತಾರೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಬಿಸಿಲಿಗೆ ಬಸವಳಿದ ಕೋಳಿಯನ್ನು ಎತ್ತಿ ಕೂರಿಸುವ ಅದೇ ಬೆಲ್ಲದ ನೀರು, ಕುತ್ತಿಗೆ ಬುಡದ ಕಾಳಿನ ಚೀಲ ಹುಳಿಯಾದ ಕೋಳಿಯ ರೋಗವನ್ನು ಇನ್ನೂ ಹೆಚ್ಚಿಸುತ್ತದೆ. ಹಾಗಾಗಿ ಮೊದಲು ತೊಂದರೆ ಎಲ್ಲಿದೆ ಅಂತ ಹುಡುಕಬೇಕು, ಆಹಾರ ಆಮೇಲೆ. ಹುಡುಕೋದು ಕಷ್ಟದ ಕೆಲಸವೇನಲ್ಲ, ಕೈ ಮತ್ತು ಕಣ್ಣು ಸಾಕು.

ಮೊದಲ ಒಂದು ಗಂಟೆ

ಮಂಕಾದ ಕೋಳಿಯನ್ನು ಬೇರೆಯವುಗಳಿಂದ ಬೇರೆ ಮಾಡಿ. ರೋಗ ಹರಡಬಾರದು ಅನ್ನೋದು ಒಂದು ಕಾರಣ. ಇನ್ನೊಂದು, ಅದು ಎಷ್ಟು ತಿಂತು, ಎಷ್ಟು ಕುಡೀತು, ಹಿಕ್ಕೆ ಹೇಗಿದೆ ಅನ್ನೋದು ಗುಂಪಿನಲ್ಲಿದ್ದರೆ ಗೊತ್ತೇ ಆಗಲ್ಲ. ಒಂದು ದೊಡ್ಡ ರಟ್ಟಿನ ಡಬ್ಬಿ ಅಥವಾ ಬುಟ್ಟಿ ಸಾಕು. ತಳಕ್ಕೆ ಹಳೆ ಕಾಗದ ಹಾಸಿ, ಹಿಕ್ಕೆ ಬಣ್ಣ ಚೆನ್ನಾಗಿ ಕಾಣುತ್ತದೆ.

ಆಮೇಲೆ ಮೈ ಬಿಸಿ. ಆರೋಗ್ಯದ ಕೋಳಿಯ ಮೈ ಸುಮಾರು 41 ಡಿಗ್ರಿ ಇರುತ್ತದೆ, ನಮ್ಮ ಮೈಗಿಂತ ಜಾಸ್ತಿ. ತಿನ್ನದೆ ಬಿದ್ದ ಕೋಳಿ ಬೇಗ ತಣ್ಣಗಾಗುತ್ತದೆ, ಮೈ ತಣ್ಣಗಾದರೆ ಹೊಟ್ಟೆಯ ಕೆಲಸವೂ ನಿಧಾನವಾಗುತ್ತದೆ, ಆಗ ತಿನ್ನಿಸಿದ್ದೆಲ್ಲ ಒಳಗೇ ಕೂತು ಕೊಳೆಯುತ್ತದೆ. ಡಿಸೆಂಬರ್‌ನ ಬೆಳಗಾವಿ ಚಳಿಯಲ್ಲಿ ಡಬ್ಬಿಯ ಒಂದು ಬದಿಗೆ ಮಾತ್ರ ಹಳೆ ಕಾಲದ 40 ವ್ಯಾಟಿನ ಹಳದಿ ಬಲ್ಬು ಹಾಕಿ, ಬಿಸಿ ಜಾಸ್ತಿ ಅನ್ನಿಸಿದರೆ ಅದು ಇನ್ನೊಂದು ಬದಿಗೆ ಸರಿಯಲಿ. ಏಪ್ರಿಲ್‌ನ ವಿಜಯಪುರದಲ್ಲಿ ಇದರ ಉಲ್ಟಾ. ಹೊರಗೆ 40 ದಾಟಿರುವಾಗ ಕೋಳಿ ಬಾಯಿ ತೆರೆದು ಏದುಸಿರು ಬಿಡುತ್ತಾ ರೆಕ್ಕೆ ಬಿಚ್ಚಿ ನಿಂತಿದ್ದರೆ ಅದಕ್ಕೆ ಬೇಕಿರೋದು ನೆರಳು, ಗಾಳಿ, ತಂಪು ನೀರು. ಕಾಲುಗಳನ್ನು ತಣ್ಣೀರಲ್ಲಿ ನಿಲ್ಲಿಸಿ, ಐಸ್ ನೀರು ಬೇಡ.

ನೀರಿನ ಲೆಕ್ಕ ಗೊತ್ತಿರಲಿ. ಮೊಟ್ಟೆ ಇಡೋ ಕೋಳಿ ದಿನಕ್ಕೆ 100ರಿಂದ 120 ಗ್ರಾಂ ತಿನ್ನುತ್ತದೆ, ಅದರ ಸುಮಾರು ಎರಡರಷ್ಟು ನೀರು ಕುಡಿಯುತ್ತದೆ. ಬಿಸಿಲಲ್ಲಿ ಇನ್ನೂ ಜಾಸ್ತಿ. ಒಂದು ದಿನ ಊಟ ಬಿಟ್ಟರೆ ತಡೆದುಕೊಳ್ಳುತ್ತದೆ, ನೀರು ಬಿಟ್ಟರೆ ತಡೆಯಲ್ಲ. ಬೇಧಿ ಆಗಿದ್ದರೆ ಅಥವಾ ಬಿಸಿಲು ಬಡಿದಿದ್ದರೆ ಮೆಡಿಕಲ್ ಅಂಗಡಿಯ ಓಆರ್‌ಎಸ್ ಪುಡಿಯನ್ನು ಪೊಟ್ಟಣದ ಮೇಲೆ ಬರೆದಷ್ಟೇ ನೀರಿಗೆ ಕಲಸಿ ಕೆಲವು ತಾಸು ಇಡಿ, ಆಮೇಲೆ ಬರೀ ನೀರು ಇಡಿ. ಇಡೀ ದಿನ ಉಪ್ಪು ಸಕ್ಕರೆಯ ನೀರೇ ಬೇಡ.

ಕುಡಿಸುವಾಗ ಒಂದು ಎಚ್ಚರ. ಕೋಳಿಯ ಉಸಿರಿನ ದಾರಿ ನಾಲಗೆಯ ಬುಡದಲ್ಲೇ ತೆರೆದಿರುತ್ತದೆ. ಬಾಯಿ ಬಿಚ್ಚಿಸಿ ಸಿರಿಂಜಿನಿಂದ ಒತ್ತಿ ಸುರಿದರೆ ನೀರು ಶ್ವಾಸಕೋಶಕ್ಕೆ ಹೋಗುತ್ತದೆ, ರೋಗದಿಂದ ಸಾಯದ ಕೋಳಿ ಇದರಿಂದ ಸಾಯುತ್ತದೆ. ಕೊಕ್ಕಿನ ಅಂಚಿಗೆ ಒಂದೊಂದೇ ಹನಿ ಮುಟ್ಟಿಸಿ, ಅದು ತಾನಾಗಿ ನುಂಗಲಿ. ತಲೆ ಎತ್ತಲಾಗದಷ್ಟು ಸುಸ್ತಾದ ಕೋಳಿಗೆ ಮನೆಯಲ್ಲಿ ಏನನ್ನೂ ಕುಡಿಸಬೇಡಿ, ನೇರ ಡಾಕ್ಟರ್ ಹತ್ತಿರ ಒಯ್ಯಿರಿ.

ಚೀಲ ಏನು ಹೇಳುತ್ತದೆ

ಕುತ್ತಿಗೆಯ ಬುಡದಲ್ಲಿ, ಎದೆಯ ಸ್ವಲ್ಪ ಬಲಕ್ಕೆ, ತಿಂದ ಕಾಳು ಮೊದಲು ಹೋಗಿ ಕೂಡುವ ಒಂದು ಚೀಲ ಇದೆ. ಡಾಕ್ಟರು ಇದನ್ನು ಕ್ರಾಪ್ ಅಂತಾರೆ. ಸಂಜೆ ಹೊತ್ತಿಗೆ ಇದು ತುಂಬಿ ನಿಂಬೆಹಣ್ಣಿನಷ್ಟೋ ಅದಕ್ಕಿಂತ ದೊಡ್ಡದೋ ಆಗಿರುತ್ತದೆ, ರಾತ್ರಿ ಎಲ್ಲ ಕೆಳಗಿಳಿದು ಬೆಳಗ್ಗೆ ಖಾಲಿಯಾಗಿರಬೇಕು. ಅದಕ್ಕೇ ಮುಟ್ಟಿ ನೋಡಬೇಕಾದ್ದು ಬೆಳಗ್ಗೆ, ಏನನ್ನೂ ಹಾಕುವ ಮುಂಚೆ. ಸಂಜೆ ಮುಟ್ಟಿ "ಅಯ್ಯೋ ಗಂಟು ಬಂದಿದೆ" ಅಂತ ಗಾಬರಿಯಾಗೋರು ಬಹಳ ಮಂದಿ, ಸುಮ್ನೆ ಗಾಬರಿ ಅದು.

ಬೆಳಗ್ಗೆ ಚೀಲ ಖಾಲಿ, ಆದರೂ ಕೋಳಿ ಮಂಕು. ಅಂದರೆ ದಾರಿ ತೆರೆದಿದೆ, ತೊಂದರೆ ಬೇರೆ ಕಡೆ ಇದೆ. ಮೆತ್ತಗಿನ ಆಹಾರ ಧೈರ್ಯವಾಗಿ ಕೊಡಬಹುದು.

ಬೆಳಗ್ಗೆಯೂ ಚೀಲ ತುಂಬಿದೆ, ಒತ್ತಿದರೆ ಕಲಸಿದ ಹಿಟ್ಟಿನ ಉಂಡೆಯ ಹಾಗೆ ಗಟ್ಟಿ. ಇದು ಕಟ್ಟಿಕೊಂಡ ಚೀಲ. ಉದ್ದ ಒಣಹುಲ್ಲು, ಕಣಿಕೆಯ ಎಳೆ, ಗೋಣಿಚೀಲದ ದಾರ, ಪ್ಲಾಸ್ಟಿಕ್ ಚೂರು, ಇಂಥವು ಒಳಗೆ ಸುರುಳಿಯಾಗಿರುತ್ತವೆ. ಕಾಳು, ಸೊಪ್ಪು, ರೊಟ್ಟಿ ಎಲ್ಲ ನಿಲ್ಲಿಸಿ. ಉಗುರುಬೆಚ್ಚಗಿನ ನೀರು ಹನಿ ಹನಿಯಾಗಿ ಕೊಟ್ಟು, ಜೊತೆಗೆ ಕೆಲವು ಹನಿ ಕೊಬ್ಬರಿ ಎಣ್ಣೆಯೋ ಶೇಂಗಾ ಎಣ್ಣೆಯೋ ಕೊಟ್ಟು, ಚೀಲವನ್ನು ಬೆರಳುಗಳಿಂದ ಹಗುರವಾಗಿ ಉಂಡೆ ಒಡೆಯುವ ಹಾಗೆ ತಿಕ್ಕಿ. ಐದು ನಿಮಿಷ ತಿಕ್ಕಿ, ಬಿಡಿ, ಎರಡು ಮೂರು ತಾಸು ಬಿಟ್ಟು ಮತ್ತೆ. ಮರುದಿನ ಬೆಳಗ್ಗೆ ಉಂಡೆ ಸಣ್ಣದಾಗಿದ್ದರೆ ಸರಿಯಾದ ದಾರಿಯಲ್ಲಿದ್ದೀರಿ. ಹಾಗೇ ಇದ್ದರೆ ಡಾಕ್ಟರ್ ಕತ್ತರಿಸಿ ತೆಗೆಯಬೇಕಾಗಬಹುದು, ಕಾಯಬೇಡಿ.

ಮೂರನೆಯದು, ಚೀಲ ತುಂಬಿದೆ ಆದರೆ ಬಲೂನಿನಲ್ಲಿ ನೀರು ತುಂಬಿದ ಹಾಗೆ ಪುಳಪುಳ ಅನ್ನುತ್ತದೆ, ಬಾಯಿ ಹತ್ತಿರ ಮೂಗು ಒಯ್ದರೆ ಹುಳಿ ವಾಸನೆ. ಇದು ಹುಳಿತ ಚೀಲ. ಒಳಗೆ ಶಿಲೀಂಧ್ರ ಬೆಳೆದಿರುತ್ತದೆ, ಅದಕ್ಕೆ ಇಷ್ಟವಾದ ಊಟ ಸಕ್ಕರೆ ಮತ್ತು ಹಿಟ್ಟು. ಬೆಲ್ಲದ ನೀರು, ಬ್ರೆಡ್, ಅಂಬಲಿ, ಹಣ್ಣು ಎಲ್ಲ ಬಂದ್. ಅರ್ಧ ದಿನ ಬರೀ ನೀರಿನ ಮೇಲೆ ಇಟ್ಟು, ಚೀಲ ಇಳಿದ ಮೇಲೆ ಬೇಯಿಸಿದ ಮೊಟ್ಟೆಯನ್ನು ನುಣ್ಣಗೆ ಮಾಡಿ ಚಮಚದಷ್ಟು ಕೊಡಿ. ಇಳಿಯದಿದ್ದರೆ ಶಿಲೀಂಧ್ರಕ್ಕೆ ಔಷಧಿ ಬೇಕು, ಅದನ್ನು ಡಾಕ್ಟರೇ ಬರೆಯಬೇಕು. ಕೆಲವರು ಕೋಳಿಯನ್ನು ತಲೆಕೆಳಗಾಗಿ ಹಿಡಿದು ಒತ್ತಿ ವಾಂತಿ ಮಾಡಿಸುತ್ತಾರೆ. ದಯವಿಟ್ಟು ಮಾಡಬೇಡಿ, ಬಂದ ನೀರು ಉಸಿರಿನ ದಾರಿಗೆ ಹೋಗಿ ಕೈಯಲ್ಲೇ ಪ್ರಾಣ ಬಿಟ್ಟ ಕೋಳಿಗಳಿವೆ.

ಚೀಲದ ತೊಂದರೆ ಮತ್ತೆ ಮತ್ತೆ ಬರ್ತಿದೆ ಅಂದರೆ ಹರಳು ಸಿಗುತ್ತಿದೆಯಾ ನೋಡಿ. ಕೋಳಿಗೆ ಹಲ್ಲಿಲ್ಲ, ನುಂಗಿದ ಸಣ್ಣ ಕಲ್ಲುಗಳೇ ಹೊಟ್ಟೆಯೊಳಗೆ ಕಾಳು ಅರೆಯುತ್ತವೆ. ಅಂಗಳದಲ್ಲಿ ಓಡಾಡೋ ಜವಾರಿ ಕೋಳಿ ತಾನೇ ಹುಡುಕಿಕೊಳ್ಳುತ್ತದೆ. ಟೈಲ್ಸ್ ಹಾಕಿದ ಟೆರೇಸಿನ ಮೇಲೆ ಸಾಕಿದ ಕೋಳಿಗೆ ಎಲ್ಲಿಂದ ಬರಬೇಕು? ಒಂದು ಬಟ್ಟಲಲ್ಲಿ ತೊಳೆದ ದಪ್ಪ ಮರಳು ಇಡಿ.

ಹಿಕ್ಕೆ ನೋಡಿ

ಕಂದು ಬಣ್ಣ, ಮೇಲೆ ಬಿಳಿ ಟೊಪ್ಪಿಗೆ, ಸ್ವಲ್ಪ ಗಟ್ಟಿ. ಇದು ಸರಿ ಇರೋ ಹಿಕ್ಕೆ. ದಿನದಲ್ಲಿ ಆಗಾಗ ಅಂಟು ಅಂಟಾದ, ಗಬ್ಬು ನಾತದ ಕಂದು ಹಿಕ್ಕೆಯೂ ಬರುತ್ತದೆ, ಅದೂ ಸರಿಯೇ, ಅದನ್ನು ಬೇಧಿ ಅಂದುಕೊಂಡು ಔಷಧಿ ಕೊಡಬೇಡಿ.

ಹಸಿರು ನೀರು ಅಂದರೆ ಬಹಳ ಸಲ ಹೊಟ್ಟೆ ಖಾಲಿ ಇದ್ದು ಪಿತ್ತ ಮಾತ್ರ ಇಳಿಯುತ್ತಿದೆ ಅಂತ ಅರ್ಥ. ಆದರೆ ಹಸಿರು ಬೇಧಿಯ ಜೊತೆ ಉಸಿರಾಟದಲ್ಲಿ ಗೊರ ಗೊರ ಸದ್ದು, ಕುತ್ತಿಗೆ ತಿರುಚೋದು, ಕಾಲು ಸೋಲೋದು, ಒಂದರ ಹಿಂದೆ ಒಂದು ಕೋಳಿ ಬೀಳೋದು ಕಂಡರೆ ಅದು ರಾಣಿಖೇತ್ ಇರಬಹುದು. ಅದು ವೈರಸ್ಸಿನ ರೋಗ, ಅದಕ್ಕೆ ಯಾವ ಸೊಪ್ಪೂ ಯಾವ ಗಂಜಿಯೂ ಮದ್ದಲ್ಲ. ಉಳಿದ ಕೋಳಿಗಳನ್ನು ಮುಟ್ಟುವ ಮುಂಚೆ ಕೈ, ಚಪ್ಪಲಿ ತೊಳೆಯಿರಿ, ಸತ್ತದ್ದನ್ನು ಹಳ್ಳಕ್ಕೆ ಎಸೆಯದೆ ಆಳವಾಗಿ ಹೂಳಿ, ಪಶು ಆಸ್ಪತ್ರೆಗೆ ಸುದ್ದಿ ಮುಟ್ಟಿಸಿ. ತುಂಬಾ ಕೋಳಿ ಒಟ್ಟಿಗೆ ಸತ್ತರೆ ಹಕ್ಕಿಜ್ವರದ ಅನುಮಾನವೂ ಇರುತ್ತದೆ, ಕೊಯ್ದು ನೋಡೋ ಕೆಲಸ ಬೇಡವೇ ಬೇಡ. ರಾಣಿಖೇತಕ್ಕೆ ಲಸಿಕೆ ಇದೆ. ಮರಿಗೆ ಮೊದಲ ವಾರದಲ್ಲಿ ಕಣ್ಣಿಗೋ ಮೂಗಿಗೋ ಹನಿ, ಎಂಟನೇ ವಾರದ ಸುಮಾರಿಗೆ ಸೂಜಿ. ಹೊಸ ಕೋಳಿ ತರುವಾಗ ಇದನ್ನು ಕೇಳಿ ತನ್ನಿ.

ರಕ್ತ ಬೆರೆತ ಹಿಕ್ಕೆ, ಅದರಲ್ಲೂ ಮಳೆಗಾಲದಲ್ಲಿ ಒದ್ದೆ ಗೂಡಿನ ಎಳೆ ಕೋಳಿಗಳಲ್ಲಿ, ಹೆಚ್ಚಾಗಿ ಕಾಕ್ಸಿಡಿಯೋಸಿಸ್, ಅಂದರೆ ಕರುಳಲ್ಲಿ ಬೆಳೆಯೋ ಪರಾವಲಂಬಿ ಜೀವಿಯ ರೋಗ. ಡಾಕ್ಟರು ಆಂಪ್ರೋಲಿಯಂ ಕೊಡೋದುಂಟು. ಇಲ್ಲಿ ಆಹಾರದ ಒಂದು ಸೂಕ್ಷ್ಮ ಇದೆ, ಅಂಗಡಿಯವರು ಹೇಳಲ್ಲ. ಆ ಔಷಧಿ ಕೆಲಸ ಮಾಡೋದೇ ಪರಾವಲಂಬಿ ಜೀವಿಗೆ ಬಿ1 ಜೀವಸತ್ವ ಸಿಗದ ಹಾಗೆ ತಡೆದು. ನೀವು ಅದೇ ಹೊತ್ತಿಗೆ "ಶಕ್ತಿ ಬರಲಿ" ಅಂತ ಬಿ ಕಾಂಪ್ಲೆಕ್ಸ್ ದ್ರಾವಣ ನೀರಿಗೆ ಹಾಕಿದರೆ ಔಷಧಿಯ ಬಲ ಕುಗ್ಗುತ್ತದೆ. ಕೋರ್ಸ್ ಮುಗಿಯಲಿ, ಆಮೇಲೆ ವಿಟಮಿನ್. ಹಾಗೆಯೇ ಔಷಧಿ ತಿಂದ ಕೋಳಿಯ ಮೊಟ್ಟೆಯನ್ನು ಎಷ್ಟು ದಿನ ತಿನ್ನಬಾರದು ಅಂತ ಡಾಕ್ಟರನ್ನು ಕೇಳಿಕೊಳ್ಳಿ.

ಎದೆಯ ಮೂಳೆಯನ್ನೂ ಒಮ್ಮೆ ತಡವಿ. ಎರಡೂ ಬದಿ ಮಾಂಸ ಇಲ್ಲದೆ ಮೂಳೆ ಚಾಕುವಿನಂತೆ ಕೈಗೆ ಸಿಕ್ಕರೆ ರೋಗ ನಿನ್ನೆಯದಲ್ಲ, ವಾರಗಳಿಂದ ಇದೆ. ತಿಂತಾನೇ ಬಡಕಲಾಗಿದೆ ಅಂದರೆ ಜಂತುಹುಳು ಮೊದಲ ಅನುಮಾನ. ಜುಟ್ಟು ಬಿಳಿಚಿದ್ದರೆ ರಾತ್ರಿ ಟಾರ್ಚ್ ಹಿಡಿದು ಗೂಡಿನ ಸಂದಿಗಳಲ್ಲಿ ಉಣ್ಣೆ, ಕೆಂಪು ನುಸಿ ಹುಡುಕಿ. ಇವು ರಕ್ತ ಹೀರುತ್ತಿರುವವರೆಗೆ ಎಷ್ಟು ತಿನ್ನಿಸಿದರೂ ಕೋಳಿ ಏಳಲ್ಲ.

ಬಿಳಿಜೋಳವೊಂದನ್ನೇ ತಿಂದ ಕೋಳಿ

ಇದನ್ನು ಸ್ವಲ್ಪ ಜಾಸ್ತಿ ಹೇಳಬೇಕು, ಯಾಕಂದ್ರೆ ಬಾಗಲಕೋಟೆ, ಬೆಳಗಾವಿ, ವಿಜಯಪುರ, ನಮ್ಮ ಈ ಮೂರೂ ಜಿಲ್ಲೆಗಳ ಮನೆಗಳಲ್ಲಿ ನಾನು ಹೆಚ್ಚು ಕಾಣೋ ತೊಂದರೆ ಇದೇ. ಮನೆಯಲ್ಲಿ ಜೋಳದ ಚೀಲ ಇದೆ, ದಿನಾ ಎರಡು ಮುಷ್ಟಿ ಜೋಳ, ಮಧ್ಯೆ ಉಳಿದ ರೊಟ್ಟಿ ಚೂರು, ಮುಗೀತು. ಹೊಲ, ತಿಪ್ಪೆ ಸುತ್ತೋ ಕೋಳಿಗೆ ಇದು ನಡೆಯುತ್ತದೆ, ಉಳಿದದ್ದನ್ನು ಅದು ಹುಳ, ಸೊಪ್ಪು ಹೆಕ್ಕಿ ತುಂಬಿಸಿಕೊಳ್ಳುತ್ತದೆ. ಕಾಂಪೌಂಡಿನೊಳಗೆ ಮುದ್ದಿನಿಂದ ಸಾಕಿದ ಹೇಂಟೆಗೆ ನಡೆಯಲ್ಲ.

ಲೆಕ್ಕ ಹಾಕಿ ನೋಡಿ. ಒಂದು ಮೊಟ್ಟೆಯ ಚಿಪ್ಪಿನಲ್ಲಿ ಸುಮಾರು 2 ಗ್ರಾಂ ಕ್ಯಾಲ್ಸಿಯಂ ಇರುತ್ತದೆ. ತಿಂದದ್ದೆಲ್ಲ ಮೈಗೆ ಹತ್ತಲ್ಲ, ಹಾಗಾಗಿ ಮೊಟ್ಟೆ ಇಡೋ ಕೋಳಿಗೆ ದಿನಕ್ಕೆ ಸುಮಾರು 4 ಗ್ರಾಂ ಬೇಕು. 100 ಗ್ರಾಂ ಜೋಳದಲ್ಲಿ ಇರೋದು 30 ಮಿಲಿಗ್ರಾಂಗಿಂತ ಕಡಿಮೆ. ರಾಗಿ ಒಳ್ಳೇದು ಅಂತಾರೆ, ನಿಜ, ಅದರಲ್ಲಿ ಸುಮಾರು 350 ಮಿಲಿಗ್ರಾಂ ಇದೆ. ಆದರೂ ಬೇಕಾದ್ದರ ಹತ್ತನೇ ಒಂದು ಪಾಲೂ ಆಗಲಿಲ್ಲ, ಅಲ್ವಾ? ಉಳಿದದ್ದನ್ನು ಕೋಳಿ ತನ್ನ ಮೂಳೆಯಿಂದ ತೆಗೆದು ಚಿಪ್ಪಿಗೆ ಹಾಕುತ್ತದೆ. ಮೊದಲು ಚಿಪ್ಪು ತೆಳ್ಳಗಾಗುತ್ತದೆ, ಆಮೇಲೆ ಚಿಪ್ಪೇ ಇಲ್ಲದ ಮೆತ್ತನೆ ಮೊಟ್ಟೆ, ಕೊನೆಗೆ ಕಾಲು ಸೋತು ಕೂರುತ್ತದೆ.

ಇದಕ್ಕೆ ಪರಿಹಾರ ಮನೆಯಲ್ಲೇ ಇದೆ. ಮೊಟ್ಟೆ ಚಿಪ್ಪನ್ನು ತೊಳೆದು, ಬಾಣಲೆಯಲ್ಲಿ ಚೆನ್ನಾಗಿ ಹುರಿದು, ಹರಳು ಹರಳಾಗಿ ಕುಟ್ಟಿ ಬೇರೆ ಬಟ್ಟಲಲ್ಲಿ ಇಡಿ. ಒಂದು ಟೀ ಚಮಚ ಪುಡಿ, ಅಂದರೆ ಹತ್ತಿರ ಹತ್ತಿರ 5 ಗ್ರಾಂ, ಸುಮಾರು 2 ಗ್ರಾಂ ಕ್ಯಾಲ್ಸಿಯಂ ಕೊಡುತ್ತದೆ. ಕೋಳಿ ಆಹಾರದ ಅಂಗಡಿಯಲ್ಲಿ ಸಿಗೋ ಕಡಲ ಚಿಪ್ಪಿನ ಹರಳೂ ಆಗುತ್ತದೆ. ಸಂಜೆ ತಪ್ಪದೆ ಸಿಗಲಿ, ಯಾಕಂದ್ರೆ ಚಿಪ್ಪು ಕಟ್ಟೋ ಕೆಲಸ ಹೆಚ್ಚಾಗಿ ರಾತ್ರಿ ನಡೆಯುತ್ತದೆ, ದಪ್ಪ ಹರಳು ಹೊಟ್ಟೆಯಲ್ಲಿ ನಿಧಾನವಾಗಿ ಕರಗುತ್ತಾ ಬೆಳಗಿನವರೆಗೆ ಒದಗುತ್ತದೆ. ಎಲೆಅಡಿಕೆಗೆ ಹಚ್ಚೋ ಸುಣ್ಣ ಮಾತ್ರ ಕೊಡಬೇಡಿ, ಅದು ಬಾಯಿ, ಗಂಟಲು ಸುಡುತ್ತದೆ. ಕ್ಯಾಲ್ಸಿಯಂ ಮೈಗೆ ಹತ್ತಬೇಕಾದರೆ ಬಿಸಿಲೂ ಬೇಕು, ಬೆಳಗಿನ ಎಳೆ ಬಿಸಿಲಿಗೆ ಬಿಡಿ. ಮರಿಗಳಿಗೆ ಮತ್ತು ಹುಂಜಕ್ಕೆ ಮೊಟ್ಟೆಕೋಳಿಯ ಆಹಾರವನ್ನೇ ಹಾಕಿದರೆ ಜಾಸ್ತಿಯಾದ ಕ್ಯಾಲ್ಸಿಯಂ ಮೂತ್ರಪಿಂಡ ಕೆಡಿಸುತ್ತದೆ, ಅದಕ್ಕೇ ಬೇರೆ ಬಟ್ಟಲು ಅಂದದ್ದು.

ಬಿಳಿಜೋಳದ ಇನ್ನೊಂದು ಕೊರತೆ ಎ ಜೀವಸತ್ವ. ಹಳದಿ ಗೋವಿನಜೋಳದಲ್ಲಿರೋ ಬಣ್ಣದ ಅಂಶ ಬಿಳಿಜೋಳದಲ್ಲಿ ಇಲ್ಲವೆಂದರೂ ಆಯಿತು. ತಿಂಗಳುಗಟ್ಟಲೆ ಅದನ್ನೇ ತಿಂದ ಕೋಳಿಯ ಕಣ್ಣು ಊದುತ್ತದೆ, ರೆಪ್ಪೆ ಅಂಟಿಕೊಳ್ಳುತ್ತದೆ, ಬಾಯಿ ಬಿಚ್ಚಿ ನೋಡಿದರೆ ಅಂಗುಳದಲ್ಲಿ ಬಿಳಿ ಗುಳ್ಳೆಗಳು. ಜನ ನೆಗಡಿ ಅಂದುಕೊಳ್ಳುತ್ತಾರೆ. ಮೊಟ್ಟೆಯ ಭಂಡಾರ, ಅಂದರೆ ಒಳಗಿನ ಹಳದಿ, ಬಿಳಿಚಿಕೊಂಡಿದ್ದರೆ ಅದೂ ಒಂದು ಸುಳಿವು. ನುಗ್ಗೆ ಸೊಪ್ಪು, ರಾಜಗಿರಿ, ಮೆಂತ್ಯ ಸೊಪ್ಪನ್ನು ಸಣ್ಣಗೆ ಹೆಚ್ಚಿ ದಿನಾ ಒಂದು ಹಿಡಿ ಕೊಡಿ, ಗಜ್ಜರಿ ತುರಿದು ಕೊಡಿ, ಜೋಳದ ಅರ್ಧ ಭಾಗ ಗೋವಿನಜೋಳಕ್ಕೆ ಬದಲಿಸಿ. ಕಣ್ಣು ಪೂರ್ತಿ ಮುಚ್ಚಿದ್ದರೆ ಸೊಪ್ಪಿಗಾಗಿ ಕಾಯದೆ ಡಾಕ್ಟರ್ ಹತ್ತಿರ ವಿಟಮಿನ್ ಕೊಡಿಸಿ.

ಗರಿ ಉದುರುತ್ತಿದ್ದು ಮೊಟ್ಟೆ ನಿಂತಿದ್ದರೆ ಅದು ಹೆಚ್ಚಾಗಿ ರೋಗವಲ್ಲ, ಗರಿ ಬದಲಿಸೋ ಕಾಲ. ಗರಿಯ ಬಹುಪಾಲು ಪ್ರೋಟೀನ್, ಅದನ್ನು ಕಟ್ಟಲು ಜೋಳ ಸಾಲದು. ಬೇಯಿಸಿದ ಮೊಟ್ಟೆ, ಬೇಯಿಸಿದ ಹೆಸರುಕಾಳು, ಉಪ್ಪಿಲ್ಲದ ಒಣಮೀನಿನ ಪುಡಿ ಕೊಡಿ. ಕಾವಿಗೆ ಕೂತ ಕೋಳಿಯೂ 21 ದಿನ ಕಡಿಮೆ ತಿನ್ನುತ್ತದೆ, ಮುಟ್ಟಿದರೆ ಕುಕ್ಕುತ್ತದೆ, ಅದನ್ನು ಅದರ ಪಾಡಿಗೆ ಬಿಡಿ.

ಬಾಲ ಕೆಳಗೆ ಹಾಕಿ, ನೆಟ್ಟಗೆ ನಿಂತು, ಮತ್ತೆ ಮತ್ತೆ ತಿಣುಕುತ್ತಿದೆಯಾ? ಮೊಟ್ಟೆ ಸಿಕ್ಕಿಕೊಂಡಿರಬಹುದು. ಬೆಚ್ಚಗಿನ ನೀರಿನ ಬೋಗುಣಿಯಲ್ಲಿ ಕೆಳಹೊಟ್ಟೆ ಮುಳುಗುವ ಹಾಗೆ 20 ನಿಮಿಷ ಕೂರಿಸಿ, ಒರೆಸಿ ಕತ್ತಲಲ್ಲಿ ಬಿಡಿ, ಪಶು ಔಷಧಿ ಅಂಗಡಿಯ ಕೋಳಿ ಕ್ಯಾಲ್ಸಿಯಂ ದ್ರಾವಣವನ್ನು ಬಾಟಲಿ ಮೇಲೆ ಬರೆದಷ್ಟು ಕೊಡಿ. ಹೊಟ್ಟೆ ಒತ್ತಬೇಡಿ, ಒಳಗೆ ಮೊಟ್ಟೆ ಒಡೆದರೆ ಕೋಳಿ ಉಳಿಯೋದು ಕಷ್ಟ. ಕೆಲವು ತಾಸಿನಲ್ಲಿ ಬರದಿದ್ದರೆ ಆಸ್ಪತ್ರೆ.

ಏನು ತಿನ್ನಿಸೋದು, ಹೇಗೆ

ಚೀಲ ಇಳಿಯುತ್ತಿದೆ, ನೀರು ಕುಡಿಯುತ್ತಿದೆ ಅಂತಾದ ಮೇಲೆ ಮೊದಲು ಬೇಯಿಸಿದ ಮೊಟ್ಟೆಯ ಭಂಡಾರ. ಸ್ವಲ್ಪ ನೀರಲ್ಲಿ ಕದಡಿ ಒಂದೆರಡು ಟೀ ಚಮಚ, ಎರಡು ಮೂರು ತಾಸಿಗೊಮ್ಮೆ. ಒಂದೇ ಸಲ ಹೊಟ್ಟೆ ತುಂಬಿಸೋ ಆಸೆ ಬೇಡ. ಮರುದಿನ ಜೋಳದ ನುಚ್ಚನ್ನು ಉಪ್ಪು ಹಾಕದೆ ಮೆತ್ತಗೆ ಬೇಯಿಸಿ, ಅದರಲ್ಲಿ ಮೊಟ್ಟೆ ಮತ್ತು ನುಣ್ಣಗೆ ಹೆಚ್ಚಿದ ನುಗ್ಗೆ ಸೊಪ್ಪು ಕಲಸಿ. ಕೋಳಿ ಸುಸ್ತಿದ್ದರೂ ಕೆಂಪು ಬಣ್ಣಕ್ಕೆ ಕಣ್ಣು ಹಾಯಿಸುತ್ತದೆ, ಮೇಲೊಂದಿಷ್ಟು ಟೊಮ್ಯಾಟೊ ಹಣ್ಣಿನ ಚೂರು ಹಾಕಿ ನೋಡಿ. ಬೆರಳಿಂದ ಬಟ್ಟಲನ್ನು ಟಕ್ ಟಕ್ ಅಂತ ಕುಟ್ಟಿದರೂ ತಿನ್ನೋಕೆ ಶುರು ಮಾಡುತ್ತವೆ, ತಾಯಿ ಕೋಳಿ ಮರಿಗಳಿಗೆ ಕಲಿಸೋದೇ ಹೀಗೆ. ತಿನ್ನದೆ ಉಳಿದದ್ದನ್ನು ಎರಡು ತಾಸಿನೊಳಗೆ ತೆಗೆದುಬಿಡಿ, ನಮ್ಮ ಸೆಖೆಗೆ ಬೇಗ ಹಳಸುತ್ತದೆ.

ಮಜ್ಜಿಗೆ ಸ್ವಲ್ಪ ನಡೆಯುತ್ತದೆ, ಹಾಲು ಬೇಡ. ಹಾಲಿನ ಸಕ್ಕರೆಯನ್ನು ಕೋಳಿ ಸರಿಯಾಗಿ ಅರಗಿಸಿಕೊಳ್ಳಲ್ಲ, ಬೇಧಿ ಜಾಸ್ತಿಯಾಗುತ್ತದೆ. ಅರಿಶಿನ, ಬೆಳ್ಳುಳ್ಳಿ ಚಿಟಿಕೆಯಷ್ಟು ಹಾಕಿದರೆ ಕೆಡುಕೇನಿಲ್ಲ, ಆದರೆ ಅದನ್ನೇ ಔಷಧಿ ಅಂತ ನಂಬಿ ದಿನ ಕಳೆಯಬೇಡಿ. ಖಾರ ಕೋಳಿಯ ನಾಲಗೆಗೆ ತಾಕಲ್ಲ, ಮೆಣಸಿನಕಾಯಿ ಬೀಜವನ್ನೂ ತಿನ್ನುತ್ತವೆ. ಅವಕ್ಕೆ ವಿಷವಾಗೋದು ಉಪ್ಪು. ಚೂಡಾ, ಫರಸಾಣ, ಉಪ್ಪಿನಕಾಯಿ ಹತ್ತಿದ ಅನ್ನ ಹಾಕಬೇಡಿ. ಉಳ್ಳಾಗಡ್ಡಿ, ಬೇಯಿಸದ ಒಣ ಬೇಳೆಕಾಳು, ಚಾಕಲೇಟೂ ಬೇಡ.

ಬೂಸ್ಟು ಹಿಡಿದ ಶೇಂಗಾ, ಶೇಂಗಾ ಹಿಂಡಿ, ಗೋವಿನಜೋಳವನ್ನು "ಕೋಳಿ ತಿನ್ನುತ್ತೆ ಬಿಡು" ಅಂತ ಹಾಕೋ ರೂಢಿಯನ್ನು ಬಿಟ್ಟುಬಿಡಿ. 1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷ ಟರ್ಕಿ ಕೋಳಿಗಳು ಸತ್ತದ್ದು ಬೂಸ್ಟು ಹಿಡಿದ ಶೇಂಗಾ ಹಿಂಡಿಯಿಂದ. ಅಫ್ಲಾಟಾಕ್ಸಿನ್ ಅನ್ನೋ ವಿಷ ಪತ್ತೆಯಾದದ್ದೇ ಆಗ. ಅದು ಲಿವರನ್ನು ತಿಂದು ಹಾಕುತ್ತದೆ, ಬೇಯಿಸಿದರೂ ಹುರಿದರೂ ಪೂರ್ತಿ ಹೋಗಲ್ಲ. ಔಷಧಿ ಲೇಪಿಸಿದ ಬಣ್ಣದ ಬಿತ್ತನೆ ಬೀಜದ ಚೀಲವನ್ನೂ ಕೋಳಿಗೆ ಸಿಗದ ಕಡೆ ಇಡಿ. ಹಿಂಗಾರಿ ಬಿತ್ತನೆ ಹೊತ್ತಲ್ಲಿ ಜೊಲ್ಲು ಸುರಿಸಿ ದಿಢೀರನೆ ಬಿದ್ದ ಕೋಳಿಗೆ ಮೊದಲು ಕೇಳಬೇಕಾದ ಪ್ರಶ್ನೆ ಅದೇ.

ಒಂದು ದಿನ ನೋಡಿ. ಅಷ್ಟರಲ್ಲಿ ಕೋಳಿ ತಾನಾಗಿ ಒಂದು ಗುಟುಕೂ ತಿನ್ನದಿದ್ದರೆ, ರಕ್ತ ಕಂಡರೆ, ಉಸಿರಿಗೆ ಒದ್ದಾಡಿದರೆ, ಕಾಲು ಒಂದು ಮುಂದೆ ಒಂದು ಹಿಂದೆ ಚಾಚಿ ಬಿದ್ದರೆ ಮನೆ ಊಟದ ಕೆಲಸ ಅಲ್ಲಿಗೆ ಮುಗಿಯಿತು. ಹತ್ತಿರದ ಪಶು ಆಸ್ಪತ್ರೆಗೆ ಒಯ್ಯಿರಿ, ಪಶು ಸಹಾಯವಾಣಿ 1962ಕ್ಕೆ ಫೋನ್ ಮಾಡಿ ಕೇಳಿ. ಕಾಗದದ ಮೇಲಿನ ಹಿಕ್ಕೆಯ ಫೋಟೊ, ಏನೇನು ತಿನ್ನಿಸಿದಿರಿ ಅನ್ನೋ ಪಟ್ಟಿ ಜೊತೆಗಿರಲಿ, ಡಾಕ್ಟರಿಗೆ ಅರ್ಧ ಕೆಲಸ ಕಡಿಮೆಯಾಗುತ್ತದೆ.

ಚೇತರಿಸಿಕೊಂಡ ಕೋಳಿಗೆ ಗಟ್ಟಿ ಕಾಳನ್ನು ಮೂರ್ನಾಲ್ಕು ದಿನದಲ್ಲಿ ಸ್ವಲ್ಪ ಸ್ವಲ್ಪವಾಗಿ ಬೆರೆಸುತ್ತಾ ಬನ್ನಿ, ದಿನಾ ಬೆಳಗ್ಗೆ ಚೀಲ ಮುಟ್ಟೋದು ನಿಲ್ಲಿಸಬೇಡಿ. ವಾರಕ್ಕೊಮ್ಮೆ ಕಿರಾಣಿ ತಕ್ಕಡಿಯಲ್ಲಿ ತೂಗಿ ಬರೆದಿಡಿ. ಗುಂಪಿಗೆ ಬಿಡುವ ಮುಂಚೆ ಒಂದೆರಡು ದಿನ ಜಾಳಿಗೆಯ ಆಚೆ ಈಚೆ ಇಟ್ಟು ಮುಖ ನೋಡಿಸಿ. ಬಿಟ್ಟ ಮೇಲೂ ಸ್ವಲ್ಪ ದಿನ ಅದಕ್ಕೆ ಬೇರೆ ಬಟ್ಟಲಲ್ಲೇ ಹಾಕಿ, ಇಲ್ಲದಿದ್ದರೆ ಉಳಿದ ಕೋಳಿಗಳು ಕುಕ್ಕಿ ಓಡಿಸಿ ಅದರ ಪಾಲನ್ನೂ ತಿಂದುಬಿಡುತ್ತವೆ.